ಇಂದ್ರಾಬಾಯಿ ಹಾಕಿದ ನೀರಿಗೆ ಸಾಕ್ಷಿ ಬೇಕಂತೆ

ಮಾನ್ಯ ಧರ್ಮಾಧ್ಯಕ್ಷರೇ,

ಈ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಎರಡನೆಯ ರವಿವಾರ ನಿಮ್ಮ ಸಹಿ ಇರುವ ಸುತ್ತೋಲೆಯೊಂದನ್ನು ದರಿಬಡಚಿಯ ನಮ್ಮ ತಗಡಿನ ಪ್ರಾರ್ಥನಾಲಯದಲ್ಲಿ ಓದಲಾಯಿತು. ಜತ್ತ ತಾಲೂಕಿನ ಹಳ್ಳಿಗಳಲ್ಲಿ "ಇಂದ್ರಾಬಾಯಿ ಎಂಬ ಅಧಿಕಾರವಿಲ್ಲದ ಮಹಿಳೆಯ ಕೈಯಿಂದ" ಜ್ಞಾನಸ್ನಾನ ಪಡೆದ ಇನ್ನೂರ ಹನ್ನೆರಡು ಜನರ ಜ್ಞಾನಸ್ನಾನ ಸಂಶಯಾಸ್ಪದವಾಗಿದೆ ಎಂದು ಅದರಲ್ಲಿತ್ತು. ಅವರೆಲ್ಲ ಆರು ತಿಂಗಳು ಧರ್ಮೋಪದೇಶದ ತರಗತಿಗೆ ಕೂತು, ಧರ್ಮಪ್ರಾಂತ್ಯದ ಅಮೃತ ಮಹೋತ್ಸವದ ದಿನ ನಿಮ್ಮ ಅಮೃತಹಸ್ತದಿಂದ ಮತ್ತೊಮ್ಮೆ ತಲೆಗೆ ನೀರು ಹಾಕಿಸಿಕೊಳ್ಳಬೇಕಂತೆ. ಆ ಅಧಿಕಾರವಿಲ್ಲದ ಮಹಿಳೆ ನನ್ನ ತಾಯಿ. ವಯಸ್ಸು ಎಂಬತ್ತಾರು. ಸತ್ತಿಲ್ಲ. ಕಣ್ಣು ಮಂಜಾಗಿದೆ, ಕಿವಿ ಅರ್ಧ ಹೋಗಿದೆ, ನೆನಪು ಗಟ್ಟಿಯಾಗಿದೆ. ಇನ್ನೂರ ಹನ್ನೆರಡು ಜನರ ಧರ್ಮವನ್ನು ಒಂದು ಹಾಳೆಯಲ್ಲಿ ಅಳಿಸಿದ ನಿಮ್ಮ ಕಚೇರಿಯಿಂದ ಯಾರೂ ಅವಳ ಹತ್ತಿರ ಬಂದು "ನೀನು ಏನು ಮಾಡಿದೆ ತಾಯಿ?" ಎಂದು ಒಂದು ಮಾತು ಕೇಳಲಿಲ್ಲ.

ಈ ಪತ್ರವನ್ನು ಪತ್ರಿಕೆಯಲ್ಲಿ ಓದುವ ಬೇರೆ ಧರ್ಮದವರಿಗಾಗಿ ಒಂದು ಮಾತು. ಕೂಸಿನ ತಲೆಯ ಮೇಲೆ ಮೂರು ಸಲ ನೀರು ಹಾಕಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿ, ಅದನ್ನು ಕ್ರಿಸ್ತನ ಮನೆಯವರೊಳಗೆ ಸೇರಿಸುವುದಕ್ಕೆ ನಾವು ಜ್ಞಾನಸ್ನಾನ ಎನ್ನುತ್ತೇವೆ. ಹಾಕಬೇಕಾದವರು ಗುರುಗಳು, ಅಂದರೆ ಫಾದರ್. ಕೂಸು ಸಾಯುವ ಹಾಗಿದ್ದು ಫಾದರ್ ಸಿಗದಿದ್ದರೆ ಯಾರು ಬೇಕಾದರೂ ಹಾಕಬಹುದು. ಇದು ನಾನು ಮಾಡಿದ ಕಾನೂನಲ್ಲ, ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಮೇಜಿನ ಮೇಲಿರುವ ಪುಸ್ತಕದ್ದೇ.

ಸುತ್ತೋಲೆ ಓದಿದ ದಿನ ನಾನು ಅಲ್ಲೇ ಇದ್ದೆ. ನಲವತ್ತು ಕಿಲೋಮೀಟರ್ ದೂರದಿಂದ ಮೋಟಾರ್ ಸೈಕಲ್ ಮೇಲೆ ಬರುವ ಸಣ್ಣ ವಯಸ್ಸಿನ ಫಾದರ್ ತಲೆ ಎತ್ತದೆ, ಮಹಾರಾಷ್ಟ್ರದ ಗಡಿಯ ಕನ್ನಡದವರಾದ ನಮಗೆ ಮರಾಠಿಯಲ್ಲಿ, ಬಸ್ಸು ತಪ್ಪಿಹೋಗುವವರ ಹಾಗೆ ಓದಿ ಮುಗಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೊಟ್ಟದ್ದನ್ನು ಓದಿದರು. ನನ್ನ ತಾಯಿ ಎಂದಿನಂತೆ ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಪೂಜೆ ಮುಗಿದ ಮೇಲೆ ಗಾರೆ, ಗವಂಡಿ ಕೆಲಸದ ಹರಿಬಾನ ಅಂಗಿಯ ತೋಳು ಹಿಡಿದಳು. ಹರಿಬಾನಿಗೀಗ ಅರವತ್ತು, ಹುಟ್ಟಿದ್ದು ಇವಳ ಕೈಯಲ್ಲೇ.

"ಹರಿಬಾ, ಫಾದರ್ ಏನ ಓದಿದ್ರೊ? ನನ್ನ ಹೆಸರ ಬಂದಂಗ ಆತಲ್ಲ?"

"ಏನಿಲ್ಲ ಬಿಡ ಆಯಿ. ಮ್ಯಾಲಿನವರ ಕಾಗದ."

"ಮ್ಯಾಲಿನವರ ಕಾಗದದಾಗ ನನ್ನ ಹೆಸರ ಯಾಕ ಬಂತು?"

ಹರಿಬಾ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಅವನಿಗೆ ಸುಳ್ಳು ಹೇಳಿ ಗೊತ್ತಿಲ್ಲ. "ನೀ ಹಾಕಿದ ನೀರ ಹತ್ತಿಲ್ಲಂತ ಆಯಿ. ನಮಗೆಲ್ಲಾ ಮತ್ತ ಹಾಕ್ತಾರಂತ. ಈ ವಯಸ್ಸಿನ್ಯಾಗ ನನಗೊಂದು ಕೂಸಿನ ಕುಂಚಿಗಿ ಹೊಲಸ್ಬೇಕ ನೋಡ ಇನ್ನ" ಎಂದು ನಗಿಸಲು ನೋಡಿದ. ಸುತ್ತಲಿದ್ದ ಹೆಂಗಸರು ನಕ್ಕರು. ಅವ್ವ ನಗಲಿಲ್ಲ. "ಇದ್ದವರಿಗೆ ಮತ್ತ ಹಾಕ್ತಾರ. ಸತ್ತವರಿಗೆ?" ಎಂದಳು.

ಮಾನ್ಯರೇ, ನಿಮ್ಮ ಸುತ್ತೋಲೆಯಲ್ಲಿ ಇದಕ್ಕೆ ಉತ್ತರವಿಲ್ಲ. ನಾನು ಹಿಂದೆ ಮುಂದೆ ತಿರುಗಿಸಿ ನೋಡಿದ್ದೇನೆ. ಆ ರವಿವಾರದಿಂದ ನನ್ನ ತಾಯಿ ಪೂಜೆಯಲ್ಲಿ ಬಾಯಿಗೆ ಕೊಡುವ ಪರಮಪ್ರಸಾದ ಸ್ವೀಕರಿಸಿಲ್ಲ. ಈಸ್ಟರ್ ಹಬ್ಬ ಬಂದು ಹೋಯಿತು, ಕುರ್ಚಿಯಿಂದ ಏಳಲಿಲ್ಲ. ಕೇಳಿದರೆ "ಕೈ ಸಂಶೇದ್ದಾದ ಮ್ಯಾಲ ಬಾಯಿ ಎಲ್ಲಿ ಚೊಕ್ಕ ಇರತೈತಿ?" ಎನ್ನುತ್ತಾಳೆ. ಎಂಬತ್ತಾರು ವರ್ಷದಲ್ಲಿ ಪೂಜೆ ಇದ್ದ ಒಂದು ರವಿವಾರವೂ ತಪ್ಪದವಳು ಇವತ್ತು ತಾನೇ ತನಗೆ ಬಹಿಷ್ಕಾರ ಹಾಕಿಕೊಂಡು ಕೂತಿದ್ದಾಳೆ. ಬೇರೆ ಶಿಕ್ಷೆ ಕೊಡುವ ಶ್ರಮವನ್ನು ನಿಮಗೆ ಉಳಿಸಿದ್ದಾಳೆ.

ಮಹೋತ್ಸವದ ನಿಮಿತ್ತ ನಿಮ್ಮ ಕಚೇರಿ ಹೊರತಂದಿರುವ ಇತಿಹಾಸ ಸಂಪುಟವನ್ನೂ ತರಿಸಿ ಓದಿದೆ. ಕಾಗದ ಎಷ್ಟು ನುಣುಪೆಂದರೆ ಕೈಯಲ್ಲಿ ನಿಲ್ಲುವುದಿಲ್ಲ. ಮೊದಲ ಧರ್ಮಾಧ್ಯಕ್ಷರಿಗೆ ಇಪ್ಪತ್ತು ಪುಟ, ಎರಡನೆಯವರಿಗೆ ಹದಿನಾರು, ಮೂರನೆಯವರು ಕಟ್ಟಡಗಳನ್ನು ಕಟ್ಟಿಸಿದ್ದರಿಂದ ಮೂವತ್ತು, ಇನ್ನೂ ಅಧಿಕಾರದಲ್ಲಿರುವ ತಮಗೆ ನಲವತ್ನಾಲ್ಕು. ನಮ್ಮ ತಾಲೂಕಿಗೆ ಒಂದೂವರೆ ಸಾಲು: "ಜತ್ತ ಭಾಗದ ಒಣ ಹಳ್ಳಿಗಳಲ್ಲಿ ಕೂಡ ಕೆಲವು ಕುಟುಂಬಗಳಿವೆ." ಕೂಡ! ಎಪ್ಪತ್ತೈದು ವರ್ಷ ನಾವು ಕೂಡ ಇದ್ದೆವು. ಇದ್ದದ್ದು ಹೇಗೆ, ಯಾರಿಂದ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಅದಕ್ಕೆ ನಿಮ್ಮ ಧರ್ಮಪ್ರಾಂತ್ಯದ ಇತಿಹಾಸವನ್ನು ದರಿಬಡಚಿಯ ಒಂದು ಅಂಗಳದಲ್ಲಿ ನಿಂತು ಹೇಳುತ್ತೇನೆ. ನಾಲ್ವರು ಧರ್ಮಾಧ್ಯಕ್ಷರೂ ಬರುತ್ತಾರೆ, ಹೆದರಬೇಡಿ.

ಮೊದಲ ಧರ್ಮಾಧ್ಯಕ್ಷರ ಕಾಲದಲ್ಲಿ ಫಾದರ್ ಇರುತ್ತಿದ್ದ ನಮ್ಮ ಧರ್ಮಕೇಂದ್ರ ಎಪ್ಪತ್ತು ಕಿಲೋಮೀಟರ್ ದೂರ. ಮೂರು ತಿಂಗಳಿಗೊಮ್ಮೆ ಒಬ್ಬ ವಿದೇಶಿ ಫಾದರ್ ಜತ್ತದವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಸೈಕಲ್ ಹೊಡೆಯುತ್ತ ನಮ್ಮೂರಿಗೆ ಬರುತ್ತಿದ್ದರು. ಜನ ಅವರಿಗೆ ದಾಡಿ ಫಾದರ್ ಎನ್ನುತ್ತಿದ್ದರು. ಒಳ್ಳೆಯವರೇ, ಅನುಮಾನವಿಲ್ಲ. ನಾನು ಹುಟ್ಟುವ ಮೂರು ವರ್ಷ ಮೊದಲು ನನ್ನ ತಾಯಿಗೆ ಚೊಚ್ಚಲ ಗಂಡುಮಗು ಹುಟ್ಟಿತು. ನಾಲ್ಕು ದಿನ ಇತ್ತು, ಐದನೆಯ ದಿನ ಮುಂಜಾನೆ ಹೋಯಿತು. ನೀರು ಹಾಕುವವರು ಯಾರೂ ಇರಲಿಲ್ಲ. ಹಳ್ಳದ ದಂಡೆಯಲ್ಲಿ ಜಾಲಿ ಮರದ ಕೆಳಗೆ ಮಣ್ಣು ಮಾಡಿದರು. ಹೂತು ನಾಲ್ಕು ದಿನಕ್ಕೆ ದಾಡಿ ಫಾದರ್ ಬಂದರು. ಬಾಣಂತಿ ಇಪ್ಪತ್ತೊಂದು ವರ್ಷದವಳು, ಬಾಗಿಲಿಗೆ ಬಂದು ಕೇಳಿದಳು, "ನನ್ನ ಕೂಸ ಈಗ ಎಲ್ಲಿ ಐತ್ರಿ ಫಾದರ್?"

ಅವರು ತಮಗೆ ಬರುವಷ್ಟು ಕನ್ನಡದಲ್ಲಿ, ಆಗ ತಮಗೆ ಕಲಿಸಿದ್ದನ್ನೇ ಹೇಳಿದರು. ಕೂಸು ದೇವರ ಮನೆಯ ಹೊರಗಿದೆ. ಅಲ್ಲಿ ಉರಿ ಇಲ್ಲ, ನೋವಿಲ್ಲ, ಆದರೆ ಒಳಗೆ ಬರಲಾಗುವುದಿಲ್ಲ. ಜ್ಞಾನಸ್ನಾನ ಆಗಿರಲಿಲ್ಲವಲ್ಲ.

"ಎಂದ ಒಳಗ ಬರತೈತ್ರಿ?"

"ಬರುವುದಿಲ್ಲ."

ನನ್ನ ತಾಯಿ ಅಳಲಿಲ್ಲವಂತೆ. ಒಳಗೆ ಹೋಗಿ ಒಂದು ಚರಗಿ ನೀರು ತಂದು ಅವರ ಮುಂದಿಟ್ಟು, "ನನಗ ಕಲಸ್ರಿ" ಎಂದಳಂತೆ. ದಾಡಿ ಫಾದರ್ ಕಲಿಸಿದರು. ಮೂರು ಸಲ ನೀರು, ಮೂವರ ಹೆಸರು. ಮಾತುಗಳನ್ನು ಹತ್ತು ಸಲ ಹೇಳಿಸಿ ಗಟ್ಟಿ ಮಾಡಿಸಿದರು. ಹೋಗುವಾಗ ಬೆರಳೆತ್ತಿ, "ಸಾಯುವ ಹಾಗಿದ್ದರೆ ಮಾತ್ರ" ಎಂದು ಎಚ್ಚರಿಸಿ ಹೋದರು. ನನ್ನ ಅಜ್ಜಿ ಊರಿನ ಸೂಲಗಿತ್ತಿ. ಆಮೇಲೆ ಸೊಸೆ ಅವಳ ಹಿಂದೆ ಹೆರಿಗೆಗೆ ಹೋಗಲು ಶುರು ಮಾಡಿದಳು. ಚರಗಿ ಹಿಡಿದುಕೊಂಡೇ ಹೋದಳು.

ಇನ್ನು ನನ್ನ ತಾಯಿಯ ತಪ್ಪಿಗೆ ಬರುತ್ತೇನೆ, ಮುಚ್ಚಿಡುವುದಿಲ್ಲ. ನಮ್ಮ ಕಡೆ ಕೂಸು ಹುಟ್ಟಿದ ಐದನೆಯ ದಿನ ಸಟವಾಯಿ ಬಂದು ಅದರ ಹಣೆಬರಹ ಬರೆಯುತ್ತಾಳೆ ಎನ್ನುತ್ತಾರೆ. ತೊಟ್ಟಿಲ ಹತ್ತಿರ ಖಾಲಿ ಹಾಳೆ, ಲೇಖನಿ ಇಡುತ್ತಾರೆ. ಎಲ್ಲ ಜಾತಿಯ ಮನೆಗಳಲ್ಲೂ ಉಂಟು. ನಮ್ಮ ಕ್ರೈಸ್ತರ ಮನೆಗಳಲ್ಲಿ ಫಾದರ್ ಕಣ್ಣು ತಪ್ಪಿಸಿ ಉಂಟು. ನನ್ನ ತಾಯಿ ಸಟವಾಯಿಯನ್ನು ಇಲ್ಲವೆನ್ನಲಿಲ್ಲ. ಅವಳೊಂದಿಗೆ ಪಂದ್ಯಕ್ಕೆ ಬಿದ್ದಳು. ಐದನೆಯ ದಿನ ಅವಳು ಬರುವ ಮೊದಲೇ ಕೂಸಿನ ತಲೆಗೆ ನೀರು ಬಿದ್ದಿರಬೇಕು, ಆಮೇಲೆ ಅವಳು ಏನನ್ನಾದರೂ ಬರೆದುಕೊಳ್ಳಲಿ. ಹೀಗಾಗಿ ಸಾಯುವ ಹಾಗಿದ್ದ ಕೂಸಿಗೂ ಹಾಕಿದಳು, ಹಾಲು ಕುಡಿದು ಕಿರುಚುತ್ತಿದ್ದ ಗುಂಡುಕಲ್ಲಿನಂಥ ಕೂಸಿಗೂ ಹಾಕಿದಳು. ಬೇರೆ ಧರ್ಮದವರ ಮನೆಯ ಹೆರಿಗೆಗೂ ಹೋಗುತ್ತಿದ್ದಳು, ಅಲ್ಲಿ ಹೊಕ್ಕುಳ ಕೊಯ್ದು, ಎಣ್ಣೆ ತಿಕ್ಕಿ, ಎರೆದು ಬರುತ್ತಿದ್ದಳು, ಅಷ್ಟೇ. ನಮ್ಮ ಮನೆಗಳಲ್ಲಿ ಮಾತ್ರ, ತಾಯಿತಂದೆ ಕೇಳಿ, ಮುಂದೆ ನಿಂತು ಹಾಕಿಸಿದರು. ಒಮ್ಮೆ ನಾನೇ ಬೈದಿದ್ದೆ, "ಅವ್ವಾ, ಸಾಯೂ ಹಂಗ ಇದ್ರ ಅಷ್ಟ ಹಾಕಂತ ಹೇಳ್ಯಾರ ನಿನಗ." ಅವಳು ನನ್ನನ್ನೇ ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಯಾವ ಕೂಸ ಸಾಯೂ ಹಂಗ ಇರ್ಲಿಲ್ಲ ಹೇಳ? ಎಲ್ಲಾವೂ ಹಂಗ ಇದ್ವು."

ಸುಳ್ಳಲ್ಲ, ಮಾನ್ಯರೇ. ಅವಳು ನೀರು ಹಾಕಿದ ಕೂಸುಗಳಲ್ಲಿ ಹತ್ತೊಂಬತ್ತು ಹೋದವು. ಕೆಲವು ಅದೇ ವಾರ, ಕೆಲವು ಅದೇ ತಿಂಗಳು. ಯಾರ ಮನೆಯದು, ಯಾವ ಸುಗ್ಗಿ, ಹೆಣ್ಣೋ ಗಂಡೋ, ಎಲ್ಲವನ್ನೂ ಇವತ್ತಿಗೂ ಹೇಳುತ್ತಾಳೆ. ಅಪ್ಪಂದಿರ ಜೊತೆ ಹಳ್ಳದ ದಂಡೆಗೆ ಗಂಟು ಹೊತ್ತುಕೊಂಡು ಹೋದವಳೂ ಇವಳೇ. ಪ್ರತಿ ಸಲ ಆ ತಾಯಂದಿರಿಗೆ ಒಂದೇ ಮಾತು ಹೇಳುತ್ತಿದ್ದಳು: "ಅಳಬ್ಯಾಡ. ನಿಂದು ಒಳಗ ಹೋಗೈತಿ. ನಾ ನೀರ ಹಾಕೀನಿ." ಅಷ್ಟೂ ಹೆಂಗಸರು ಆ ಮಾತಿನ ಮೇಲೆ ಎದ್ದು ನಿಂತು, ಮತ್ತೆ ಕೂಲಿಗೆ ಹೋದರು. ನಿಮ್ಮ ಸಂಪುಟದ ನಲವತ್ನಾಲ್ಕು ಪುಟದಲ್ಲಿ ಇಂಥ ಕೆಲಸ ಒಂದಾದರೂ ಇದ್ದರೆ ತೋರಿಸಿ, ಈ ಪತ್ರ ಹಿಂದೆ ತೆಗೆದುಕೊಳ್ಳುತ್ತೇನೆ.

ಎರಡನೆಯ ಧರ್ಮಾಧ್ಯಕ್ಷರು ಜೀಪಿನಲ್ಲಿ ಬಂದರು. ನಾನಾಗ ಶಾಲೆಗೆ ಹೋಗುತ್ತಿದ್ದೆ, ಚೆನ್ನಾಗಿ ನೆನಪಿದೆ. ನಮ್ಮ ಹೊರಸಿನ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದರು. ಕನ್ನಡ ಕಲಿತಿದ್ದರು. ಸಟವಾಯಿಯ ಪಂದ್ಯವನ್ನು ನನ್ನ ತಾಯಿಯ ಬಾಯಿಂದಲೇ ಕೇಳಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ಗಂಭೀರವಾಗಿ, "ಇನ್ನು ಮುಂದೆ ಚೆನ್ನಾಗಿರುವ ಕೂಸನ್ನು ಫಾದರ್‌ಗೆ ಬಿಡಬೇಕಮ್ಮ" ಎಂದರು.

"ಬಿಡ್ತೀನ್ರಿ. ಅವರು ಐದ ದಿನದಾಗ ಬರ್ತಾರೇನ್ರಿ?"

ಆಮೇಲೆ ಅವರು ಮಾಡಿದ್ದನ್ನು ಕೇಳಿ. ಮರುದಿನ ಬೇವಿನ ಮರದ ಕೆಳಗೆ ಅರವತ್ತಮೂರು ಜನರ ಹಣೆಗೆ ತಮ್ಮ ಕೈಯಿಂದ ಎಣ್ಣೆ ಹಚ್ಚಿ ದೃಢೀಕರಣ ಸಂಸ್ಕಾರ ಕೊಟ್ಟರು. ಅದರಲ್ಲಿ ನಾನೂ ಇದ್ದೆ, ಹರಿಬಾನೂ ಇದ್ದ. ಜ್ಞಾನಸ್ನಾನವೇ ಆಗದವರಿಗೆ ಯಾವ ಧರ್ಮಾಧ್ಯಕ್ಷರೂ ದೃಢೀಕರಣ ಕೊಡುವುದಿಲ್ಲ. ಬುನಾದಿ ಇಲ್ಲದ ಮನೆಗೆ ಮಾಳಿಗೆ ಹಾಕಿದ್ದರೇ ಅವರು? ಹಾಗಿದ್ದರೆ ಸುತ್ತೋಲೆಯಲ್ಲಿ ಅವರ ಹೆಸರನ್ನೂ ಬರೆಯಬೇಕಿತ್ತು. ಅವರ ಬಣ್ಣದ ಚಿತ್ರಕ್ಕೆ ಹಾರ ಹಾಕುತ್ತೀರಿ, ಅವರು ಒಪ್ಪಿದ್ದನ್ನು ಸಂಶಯಾಸ್ಪದ ಎನ್ನುತ್ತೀರಿ.

ಜೊತೆಗೆ ಬಂದಿದ್ದ ಫಾದರ್ ಅಂದು ಎಲ್ಲರ ಹೆಸರನ್ನೂ ದೊಡ್ಡ ಕರಿ ರಿಜಿಸ್ಟರಿನಲ್ಲಿ ಬರೆದುಕೊಂಡರು. ಆಮೇಲೂ ನೀರು ಬಿದ್ದವರ ಹೆಸರು ಅದರಲ್ಲೇ ಏರುತ್ತ ಬಂತು. ಎಲ್ಲಿದೆ ಆ ರಿಜಿಸ್ಟರ್? ಮೂರನೆಯ ಧರ್ಮಾಧ್ಯಕ್ಷರ ಕಾಲದಲ್ಲಿ ಪುನರ್ರಚನೆ ಎಂಬುದು ನಡೆಯಿತು. ನಮ್ಮ ಹಳ್ಳಿಗಳನ್ನು ಒಂದು ಧರ್ಮಕೇಂದ್ರದಿಂದ ತೆಗೆದು ಇನ್ನೊಂದಕ್ಕೆ ಹಾಕಿದರು. ಕಾಗದಪತ್ರದ ಟ್ರಂಕು ಟೆಂಪೊದಲ್ಲಿ ಹೊರಟಿತು. ಹೊರಟದ್ದು ಎಲ್ಲರಿಗೂ ಗೊತ್ತು, ಮುಟ್ಟಿದ್ದು ಯಾರಿಗೂ ಗೊತ್ತಿಲ್ಲ. ನಾವು ಮೂರು ಅರ್ಜಿ ಬರೆದೆವು. "ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ" ಎಂದು ಒಂದು ಉತ್ತರ ಬಂತು. ಆ ಸಂಬಂಧಪಟ್ಟವರು ಇಪ್ಪತ್ತು ವರ್ಷದಿಂದ ಗಮನಿಸುತ್ತಲೇ ಇದ್ದಾರೆ. ಆ ಧರ್ಮಾಧ್ಯಕ್ಷರು ಒಮ್ಮೆ ಬಿಳೂರಿನ ಮೇಲಿಂದ ಹೋಗುವಾಗ ನಮ್ಮವರು ಹಾರ ಹಿಡಿದು ರಸ್ತೆಯಲ್ಲಿ ನಿಂತಿದ್ದರು. ಕಾರಿನ ಗಾಜು ಇಳಿಯಿತು, ಒಂದು ಕೈ ಹೊರಗೆ ಬಂತು, ಆಶೀರ್ವಾದವಾಯಿತು, ಗಾಜು ಏರಿತು. ಕಟ್ಟಡಗಳು ಮಾತ್ರ ಚೆನ್ನಾಗಿವೆ.

ಈಗ ತಾವು. "ರಿಜಿಸ್ಟರಿನಲ್ಲಿ ನಮೂದು ಲಭ್ಯವಿಲ್ಲ" ಎಂಬುದು ನಿಮ್ಮ ಮೊದಲ ಕಾರಣ. ಅತ್ತೆ ಒಡೆದರೆ ಒಡಕು ಮಡಕೆ, ಸೊಸೆ ಒಡೆದರೆ ಹೊಸ ಮಡಕೆ! ಕಳೆದವರು ನೀವು, ಆರು ತಿಂಗಳು ತರಗತಿಗೆ ಕೂಡಬೇಕಾದವರು ನಾವು. ಎರಡನೆಯ ಕಾರಣ, "ಸದರಿ ಮಹಿಳೆಯ ಉದ್ದೇಶದಲ್ಲಿ ಅಂಧಶ್ರದ್ಧೆ ಬೆರೆತಿರುವ ಸಾಧ್ಯತೆ." ಸಟವಾಯಿಯ ಕಥೆ ಯಾರೋ ನಿಮ್ಮ ಕಿವಿಗೆ ಹಾಕಿದ್ದಾರೆ. ನಾನು ನಿವೃತ್ತ ಶಿಕ್ಷಕಿ, ಓದುವುದಕ್ಕೆ ಬೇಕಾದಷ್ಟು ಹೊತ್ತಿದೆ, ನಿಮ್ಮ ಕಾನೂನಿನ ಪುಸ್ತಕವನ್ನೂ ಓದಿದೆ. ಅಗತ್ಯ ಬಿದ್ದಾಗ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ಧರ್ಮಸಭೆಯ, ಅಂದರೆ ಚರ್ಚಿನ, ಮನಸ್ಸಿನಲ್ಲಿರುವುದನ್ನು ತಾನೂ ಮಾಡುತ್ತೇನೆ ಎಂಬ ಮನಸ್ಸಿದ್ದರೆ ಸಾಕು ಎಂದಿದೆ. ನನ್ನ ತಾಯಿಯ ಮನಸ್ಸಿನಲ್ಲಿ ಇದ್ದದ್ದೇನು? ಕೂಸು ಒಳಗೆ ಹೋಗಬೇಕು. ಧರ್ಮಸಭೆಯ ಮನಸ್ಸಿನಲ್ಲಿ ಇದಕ್ಕಿಂತ ಬೇರೆ ಏನಾದರೂ ಇದೆಯೇ? ಇದ್ದರೆ ದಯವಿಟ್ಟು ಅದನ್ನು ಬಹಿರಂಗಪಡಿಸಿ. ದಾಖಲೆ ಇಲ್ಲದಿದ್ದರೆ ಒಬ್ಬ ನಂಬಿಕಸ್ಥ ಸಾಕ್ಷಿಯ ಮಾತು ಸಾಕು ಎಂದೂ ಅದೇ ಪುಸ್ತಕದಲ್ಲಿದೆ. ಸಾಕ್ಷಿ ದರಿಬಡಚಿಯಲ್ಲಿ ಕೂತಿದ್ದಾಳೆ, ಬಸ್ಸು ದಿನಕ್ಕೆ ಎರಡು ಸಲ ಬರುತ್ತದೆ.

ಇಷ್ಟನ್ನು ಹೇಳಲು ಕಳೆದ ತಿಂಗಳು ನಾನೇ ನಿಮ್ಮ ನಿವಾಸಕ್ಕೆ ಬಂದಿದ್ದೆ. ತಾವು ಮಹೋತ್ಸವ ಸಮಿತಿಯ ಸಭೆಯಲ್ಲಿದ್ದಿರಿ. ನನ್ನನ್ನು ಕಂಡವರು ನಿಮ್ಮ ಕಾರ್ಯದರ್ಶಿ ಗುರುಗಳು. ಹೆಸರು ಬರೆಯುವುದಿಲ್ಲ, ಆದರೆ ಅವರು ದರಿಬಡಚಿಯ ಮಾಯಕ್ಕನ ಮಗ. ನಾಲ್ಕನೇ ಇಯತ್ತೆಯವರೆಗೆ ನನ್ನ ಕೈಯಲ್ಲಿ ಕನ್ನಡ ಕಲಿತವರು, ಈ ಪತ್ರವನ್ನು ನಿಮಗೆ ಓದಿ ಹೇಳಬೇಕಾದವರೂ ಅವರೇ. ಕುರ್ಚಿ ಹಾಕಿದರು, ಚಹಾ ತರಿಸಿದರು, ಬಾಗಿಲು ಮುಚ್ಚಿ ನಮ್ಮ ಮಾತಿಗೆ ಬಂದರು.

"ಅಕ್ಕೋರ, ನನ್ನ ಕೈಯಾಗ ಏನೂ ಇಲ್ರಿ. ಮ್ಯಾಲಿಂದ ಬಂದ ನಿಯಮ."

"ಇರ್ಲಿ ತಮ್ಮಾ. ನಿನಗ ನೀರ ಹಾಕಿದವರು ಯಾರು?"

ಅವರು ಚಹಾದ ಕಪ್ಪನ್ನು ತಿರುಗಿಸುತ್ತ ಕೂತರು.

"ನಿಮ್ಮ ಅವ್ವಾರ."

"ಹಂಗಾರ ನಿಂದೂ ಸಂಶೇ ಆತಲ್ಲ. ನೀ ಕ್ರೈಸ್ತ ಅಲ್ಲಂದ್ರ ಫಾದರ್ ಹೆಂಗ ಆದಿ? ನೀ ಕೊಟ್ಟ ಪೂಜಿ, ನೀ ಮಾಡಿಸಿದ ಮದವಿ, ಎಲ್ಲಾ ಏನಾತು?"

"ನಂದು ದಾಖಲಾ ಐತ್ರೀ" ಎಂದರು ಮೆಲ್ಲಗೆ. "ನಾ ಫಾದರ್ ಆಗಾಕ ಸೆಮಿನರಿಗಿ ಹೋಗೂ ಮುಂದ ಆಗಿನ ಬಿಷಪ್ಪರು ಆಯಿನ್ನ ಕರಸಿ ಕೇಳಿದ್ರು. ಆಯಿ ಹೌದು, ನಾ ಹಾಕೀನಿ ಅಂದ್ರು. ಹೆಬ್ಬಟ್ಟ ಒತ್ತಿಸಿಕೊಂಡ್ರು. ಆ ಕಾಗದ ಈ ಕಚೇರ್ಯಾಗ ಐತ್ರಿ."

ಮಾನ್ಯರೇ, ದಯವಿಟ್ಟು ಈ ಮಾತನ್ನು ಎರಡು ಸಲ ಓದಿಸಿ ಕೇಳಿ. ಒಬ್ಬ ಗುರುವನ್ನು ಮಾಡುವುದಕ್ಕೆ ಸಾಕಾದ ಅವಳ ಹೆಬ್ಬೆಟ್ಟು, ಒಬ್ಬ ಗವಂಡಿಯನ್ನು ಕ್ರೈಸ್ತ ಎನ್ನುವುದಕ್ಕೆ ಸಾಲದೇ? ಅದೇ ಚರಗಿ, ಅದೇ ಹಳ್ಳದ ನೀರು, ಅದೇ ಸಟವಾಯಿ. ಬೇಕಾದವನಿಗೆ ಹತ್ತಿದ ನೀರು ಬೇಡವಾದವರಿಗೆ ಹತ್ತಲಿಲ್ಲವೇ? ಅಥವಾ ಮಹೋತ್ಸವದ ದಿನ ವೇದಿಕೆಯ ಮೇಲೆ ಇನ್ನೂರ ಹನ್ನೆರಡು ತಲೆಗಳಿಗೆ ತಾವು ನೀರು ಹಾಕುವ ಚಿತ್ರ ಸಂಪುಟದ ಎರಡನೆಯ ಮುದ್ರಣಕ್ಕೆ ಬೇಕಾಗಿತ್ತೇ? ಕೆಟ್ಟ ಯೋಚನೆ, ಒಪ್ಪುತ್ತೇನೆ. ಬೇರೆ ಕಾರಣ ನನಗೆ ಹೊಳೆಯುತ್ತಿಲ್ಲ, ತಾವಾದರೂ ಹೇಳಿ.

ಏಳುವ ಮುಂಚೆ ಕಾರ್ಯದರ್ಶಿಗಳಿಗೆ ಅವ್ವನ ಪ್ರಶ್ನೆಯನ್ನು ಹೇಳಿದೆ. ಸತ್ತ ಕೂಸುಗಳು ಈಗ ಎಲ್ಲಿವೆ? ಅವರ ಮುಖ ಸ್ವಲ್ಪ ಹಗುರಾಯಿತು. "ಆ ಹೊರಗಿನ ಜಾಗದ ಮಾತ ಈಗ ಯಾರೂ ಹೇಳೂದಿಲ್ರಿ ಅಕ್ಕೋರ. ನೀರ ಬೀಳದ ಕೂಸನ್ನೂ ದೇವರ ಕರುಣಾಕ್ಕ ಒಪ್ಪಸ್ತೀವಿ. ಕೈ ಬಿಡಾಂವಲ್ಲ ಅಂವ."

"ಯಾವಾಗಿಂದ?"

"ಭಾಳ ವರ್ಷ ಆತ್ರಿ."

"ನಮ್ಮ ಅವ್ವಗ ಯಾರ ಹೇಳ್ಯಾರ?"

ನಾನು ಚಹಾ ಕುಡಿಯದೆ ಎದ್ದು ಬಂದೆ. ಬಸ್ಸಿನಲ್ಲಿ ಕೂತು ಅತ್ತೆ. ಅರವತ್ತೈದು ವರ್ಷ, ಮಾನ್ಯರೇ! ಒಬ್ಬ ಹೆಣ್ಣುಮಗಳು ತನ್ನ ಚೊಚ್ಚಲ ಮಗ ಬಾಗಿಲ ಹೊರಗೆ ನಿಂತಿದ್ದಾನೆ ಎಂದುಕೊಂಡು ಅರವತ್ತೈದು ವರ್ಷ ಬದುಕಿದಳು. ನೀವು ಆ ಮಾತನ್ನು ನಿಮ್ಮ ಪುಸ್ತಕಗಳಿಂದ ಸದ್ದಿಲ್ಲದೆ ತೆಗೆದಿರಿ, ತೆಗೆದಿದ್ದೇವೆಂದು ಅವಳಿಗೆ ಹೇಳಲಿಲ್ಲ. ಸಂಶಯಾಸ್ಪದ ಎಂದು ತಿಳಿಸಲು ಸುತ್ತೋಲೆ ಇದೆ, ನಿನ್ನ ಮಗ ಒಳಗಿದ್ದಾನೆ ತಾಯಿ ಎಂದು ತಿಳಿಸಲು ಸುತ್ತೋಲೆ ಇಲ್ಲ.

ಬಂದವಳೇ ಅವ್ವನಿಗೆ ಹೇಳಿದೆ. ಕಿವಿಯ ಹತ್ತಿರ ಕೂತು, ಬಿಡಿಸಿ ಬಿಡಿಸಿ ಹೇಳಿದೆ. ಅವಳು ಕೇಳಿದಳು, ನಂಬಲಿಲ್ಲ. "ಫಾದರ್ ಹೇಳಿದ್ದನ್ನ ನೀ ಅಲ್ಲಂದ್ರ ನಾ ಹೆಂಗ ನಂಬ್ಲಿ? ಸಾಲಿ ಕಲ್ತಾಕಿ ನೀ, ಫಾದರ್ ಅಲ್ಲ. ಅವರಕಿಂತ ದೊಡ್ಡವರು ಹೇಳಬೇಕು."

ಮೊನ್ನೆ ಗುರುವಾರ ಮುಂಜಾನೆ ನಾನು ಜತ್ತದಿಂದ ಹೋದಾಗ ಅವಳು ಸೀರೆ ಬದಲಿಸಿ ಕೂತಿದ್ದಳು. ಹಳ್ಳಕ್ಕೆ ಕರೆದುಕೊಂಡು ಹೋಗು ಎಂದಳು. ಕೊಡದ ತುಂಬ ನೀರು ಮತ್ತು ಚರಗಿ ತರಬೇಕಂತೆ. ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹರಿಬಾ ಅವಳ ಒಂದು ತೋಳು ಹಿಡಿದ, ನಾನು ಕೊಡ ಹೊತ್ತೆ. ಹಳ್ಳ ಮೊದಲಿನ ಹಳ್ಳವಲ್ಲ. ಅಗಲ ಮಾಡಲು ಜೆಸಿಬಿ ಹಚ್ಚಿ ದಂಡೆಯನ್ನು ಅರ್ಧ ಕೆರೆದಿದ್ದಾರೆ, ಆಚೆ ಒಡ್ಡು ಹಾಕಿದ್ದಾರೆ. ನನ್ನ ತಾಯಿ ಕಾಣದ ಕಣ್ಣಲ್ಲಿ ನಿಂತು ದಿಕ್ಕು ಹಿಡಿದಳು. ಇಲ್ಲಿ ರೇವಪ್ಪನ ಹೆಣ್ಣಕೂಸು. ಅಲ್ಲಿ ಮಂಗಲಾಳ ಅವಳಿ ಎರಡು. ಒಂದೊಂದು ಜಾಗದಲ್ಲೂ ಕುಕ್ಕರಗಾಲಲ್ಲಿ ಕೂತು ಮಣ್ಣಿನ ಮೇಲೆ ಮೂರು ಸಲ ನೀರು ಹಾಕಿ, ದಾ‌ಡಿ ಫಾದರ್ ಕಲಿಸಿದ ಮಾತುಗಳನ್ನು ಒಂದಕ್ಷರ ತಪ್ಪದೆ ಹೇಳಿದಳು. ಕೆರೆದು ಹೋದ ಕಡೆ ಮಣ್ಣಿಲ್ಲದ ಬರಿ ಗಾಳಿಗೇ ಹಾಕಿದಳು. "ಅವ್ವಾ, ಸಾಕ ಮಾಡ" ಎಂದೆ. "ಮದಲ ಹಾಕಿದಾಗ ಆ ಸಟವಾಯಿ ಹೆಸರ ನನ್ನ ಮನಸಿನ್ಯಾಗ ಇತ್ತವಾ. ಈಗಿಲ್ಲ. ಈಗರ ಹತ್ತತೈತಿ" ಎಂದಳು. ಹರಿಬಾ ಆ ಕಡೆ ಮುಖ ಮಾಡಿ ನಿಂತಿದ್ದ, ಅವನ ಬೆನ್ನು ಅಲುಗುತ್ತಿತ್ತು.

ಸತ್ತವರಿಗೆ ಜ್ಞಾನಸ್ನಾನ ಇಲ್ಲವೆಂದು ನನಗೆ ಗೊತ್ತು, ಕಾನೂನಿನ ಪುಟ ತೋರಿಸಬೇಡಿ. ಇದಕ್ಕೂ ಇನ್ನೊಂದು ಸುತ್ತೋಲೆ ಹೊರಡಿಸುತ್ತೀರೇನೋ. ಹೊರಡಿಸಿ. ಅವಳನ್ನು ಆ ಹಳ್ಳಕ್ಕೆ ಕಳಿಸಿದ್ದು ಸಟವಾಯಿಯಲ್ಲ, ನಿಮ್ಮ ಸಹಿ.

ಹತ್ತೊಂಬತ್ತಕ್ಕೂ ಆಯಿತು. ಕೊನೆಗೆ ಒಂದು ಜಾಲಿ ಮರದ ಬೊಡ್ಡೆಯ ಹತ್ತಿರ ಬಂದು ನಿಂತಳು. ಅದು ಯಾರ ಜಾಗವೆಂದು ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ. ಕೊಡದಲ್ಲಿ ಇನ್ನೂ ನೀರಿತ್ತು. ಚರಗಿ ತುಂಬಿ ಕೊಟ್ಟೆ. ಬಗ್ಗಿದಳು, ಕೈ ಮುಂದೆ ಮಾಡಿದಳು, ಹಾಗೇ ತಡೆದಳು. ಮತ್ತೆ ಎದ್ದು ನಿಂತು ಚರಗಿಯನ್ನು ನನ್ನ ಕೈಗೆ ಕೊಟ್ಟಳು.

"ಇವಗ ಆವತ್ತೂ ಬಿದ್ದಿಲ್ಲ. ಹಾಕಲ್ಯೋ, ಬ್ಯಾಡೋ? ನನಗ ಅಧಿಕಾರ ಇಲ್ಲಂತ. ಬಿಷಪ್ಪರನ್ನ ಕೇಳ."

ಕೇಳುತ್ತಿದ್ದೇನೆ, ಮಾನ್ಯರೇ. ಸುತ್ತೋಲೆಯನ್ನು ಹಿಂದೆಗೆದುಕೊಳ್ಳಿ, ಸಾಕ್ಷಿ ಬದುಕಿರುವಾಗಲೇ ಬಂದು ಅವಳ ಮಾತು ಬರೆದುಕೊಳ್ಳಿ, ಇನ್ನೂರ ಹನ್ನೆರಡು ಜನರ ಹೆಸರನ್ನು ಹೊಸ ರಿಜಿಸ್ಟರಿನಲ್ಲಿ ಏರಿಸಿ. ಇದು ನಮ್ಮೆಲ್ಲರ ಬೇಡಿಕೆ. ನನ್ನ ಸ್ವಂತದ್ದು ಒಂದೇ. ಕಾರ್ಯದರ್ಶಿಯನ್ನು ಕಳಿಸಬೇಡಿ, ಪತ್ರ ಬರೆಯಬೇಡಿ. ನೀವೇ ಬಂದು ಅವಳ ಕಿವಿಯ ಹತ್ತಿರ ಕೂತು, ಅವಳ ಮಗ ಎಲ್ಲಿದ್ದಾನೆಂದು ಗಟ್ಟಿಯಾಗಿ ಹೇಳಿ. ಎಡ ಕಿವಿಯಲ್ಲಿ ಹೇಳಿ, ಬಲದ್ದು ಕೇಳಿಸುವುದಿಲ್ಲ. ಮಹೋತ್ಸವಕ್ಕೆ ಇನ್ನೂ ನಾಲ್ಕು ತಿಂಗಳಿದೆ. ಅವಳಿಗೆ ಅಷ್ಟು ದಿನ ಇದೆಯೆಂದು ನನಗೆ ಅನ್ನಿಸುತ್ತಿಲ್ಲ.

ಇಂತಿ,
ಹುಟ್ಟಿದ ಮೂರನೆಯ ದಿನ ಹೆತ್ತವ್ವನ ಕೈಯಿಂದಲೇ ನೀರು ಬಿದ್ದು, ಅರವತ್ತೆರಡು ವರ್ಷ ತಾನು ಕ್ರೈಸ್ತಳೆಂದೇ ತಿಳಿದಿದ್ದ,
ನಂದಾ
ನಿವೃತ್ತ ಕನ್ನಡ ಶಾಲಾ ಶಿಕ್ಷಕಿ, ಜತ್ತ